ಒಂದು ಅನಧಿಕೃತ ಕಂಬದ ವಿಚಾರ

ನಮ್ಮ ಬೈಲಹೊಂಗಲದಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಪಂಚಾಂಗ ಏನೇ ಹೇಳಲಿ, ಊರಿನ ಬಾಡಿಗೆ ಕರಾರು ಪತ್ರಗಳನ್ನು ಬಿಡಿಸಿ ನೋಡಿದರೆ ಈ ಖಗೋಳ ಸತ್ಯ ನಿಮಗೂ ಗೋಚರಿಸುತ್ತದೆ. ಯುಗಾದಿಗೆ ಮನೆ ಹಿಡಿದವನ ಕರಾರು ಮಾಘ ಮುಗಿಯುವ ಹೊತ್ತಿಗೆ ತೀರಿಹೋಗುತ್ತದೆ. ಫಾಲ್ಗುಣ ಮಾಸವನ್ನು ಅವನು ಹೆಂಡತಿ ಮಕ್ಕಳೊಂದಿಗೆ ಯಾವ ಲೋಕದಲ್ಲಿ ಕಳೆಯುತ್ತಾನೋ ಕಾನೂನಿಗೆ ತಿಳಿಯದು, ಆದರೆ ಮರುಯುಗಾದಿಗೆ ಹೊಸ ಪತ್ರ ಹಿಡಿದುಕೊಂಡು ಅದೇ ಮನೆಯಲ್ಲಿ, ಅದೇ ಗೂಟಕ್ಕೆ ಅದೇ ಅಂಗಿಯನ್ನು ನೇತುಹಾಕಿ ಪುನರ್ಜನ್ಮ ಪಡೆದಿರುತ್ತಾನೆ. ಹನ್ನೆರಡು ತಿಂಗಳು ಎಂದು ಬರೆದರೆ ಪತ್ರವನ್ನು ನೋಂದಣಿ ಮಾಡಿಸಬೇಕು, ನೋಂದಣಿ ಮಾಡಿಸಿದರೆ ಅದನ್ನು ಯಾರಾದರೂ ಓದಿಬಿಡುವ ಅಪಾಯವಿದೆ. ಆದ್ದರಿಂದ ನಮ್ಮ ಹಿರಿಯರು ಕಾಲಪುರುಷನ ಒಂದು ಅಂಗವನ್ನೇ ಕತ್ತರಿಸಿ ಸಮಸ್ಯೆಯನ್ನು ಬಗೆಹರಿಸಿದರು. ಆ ಶಸ್ತ್ರಚಿಕಿತ್ಸೆಯನ್ನು ಇಪ್ಪತ್ತಾರು ವರ್ಷಗಳಿಂದ ದಿನಕ್ಕೆ ಮೂರು ನಾಲ್ಕು ಸಲ ಮಾಡುತ್ತ ಬಂದಿರುವ ಧನ್ವಂತರಿ ನಾನು.

ಅಂದರೆ, ನಾನು ದಸ್ತಾವೇಜು ಬರಹಗಾರ. ಜನರ ಬಾಯಲ್ಲಿ ಬಾಂಡ್ ರೈಟರ್. ತಹಶೀಲ್ದಾರರ ಕಚೇರಿಯ ಎದುರಿಗೆ ಬೇವಿನ ಮರದ ಬುಡದಲ್ಲಿ ಒಂದು ತಗಡಿನ ಶೆಡ್ಡು, ಅದರೊಳಗೆ ಒಂದು ಮೇಜು, ಒಂದು ಲ್ಯಾಪ್‌ಟಾಪು, ಮೂಡು ಬಂದಾಗ ಮಾತ್ರ ಕೆಲಸ ಮಾಡುವ ಒಂದು ಪ್ರಿಂಟರು ಮತ್ತು ನಾನು. ಈ ಕಸುಬಿನ ವಿಶೇಷವೆಂದರೆ ಬೆಳಗಿನಿಂದ ಸಂಜೆಯವರೆಗೆ ‘ನಾನು’ ಎಂದು ಬರೆಯುತ್ತಿರುತ್ತೇನೆ, ಒಂದು ಸಲವೂ ಅದು ನಾನಾಗಿರುವುದಿಲ್ಲ. ಹತ್ತು ಗಂಟೆಗೆ ಚಚಡಿಯ ಒಬ್ಬ ರೈತನಾಗಿ ‘ನಾನು ನನ್ನ ಅಕ್ಕಲ ಹುಷಾರಿಯಿಂದ, ಸ್ವಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ’ ಹೊಲ ಮಾರುತ್ತೇನೆ. ಹನ್ನೊಂದಕ್ಕೆ ಸಿರಸಂಗಿಯ ಒಬ್ಬ ಹೆಣ್ಣುಮಗಳಾಗಿ ಗಂಡನ ಆಸ್ತಿಯಲ್ಲಿ ಪಾಲು ಕೇಳುತ್ತೇನೆ. ಊಟವಾದ ಮೇಲೆ ಸುರೇಬಾನದ ಕಿರಾಣಿ ವ್ಯಾಪಾರಿಯಾಗಿ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿಯುತ್ತೇನೆ. ಪರಕಾಯ ಪ್ರವೇಶವೆಂದರೆ ಹಿಮಾಲಯಕ್ಕೇ ಹೋಗಬೇಕೆಂದಿಲ್ಲ. ಕಸುಬಿನ ಧರ್ಮ ಒಂದೇ: ಬಂದವರು ಹೇಳಿದ್ದನ್ನು ಬರೆಯಬೇಕು, ಬರೆದದ್ದನ್ನು ಓದಿ ಕೇಳಿಸಬೇಕು, ಅವರು ಹೌದೆಂದ ಮೇಲೆ ಸಹಿ ಹಾಕಿಸಬೇಕು.

ಬಾಡಿಗೆ ಪತ್ರದ ನಮೂನೆ ನನಗೆ ನಮ್ಮ ತಂದೆಯವರಿಂದ ಬಂದದ್ದು. ಅವರೂ ಇದೇ ಬೇವಿನ ಬುಡದಲ್ಲಿ ಕುಳಿತವರು. ಈಗ ಅದು ಲ್ಯಾಪ್‌ಟಾಪಿನಲ್ಲಿದೆ. ಹೆಸರು, ವಿಳಾಸ, ತಾರೀಖು ಬದಲಿಸಿದರೆ ಸಾಕು, ಮನೆ ಬದಲಾಗುತ್ತದೆ. ಒಮ್ಮೆ ವಿಳಾಸ ಬದಲಿಸಿ ಉಳಿದದ್ದನ್ನು ಮರೆತ ಕಾರಣ, ಬಸ್ ನಿಲ್ದಾಣದ ಹತ್ತಿರದ ಎಂಟಡಿಯ ಮೊಬೈಲ್ ಅಂಗಡಿಯೊಂದು ಕಾಗದದ ಮೇಲೆ ಹಿತ್ತಲು, ಬಚ್ಚಲು ಹಾಗೂ ಎರಡು ತೆಂಗಿನ ಮರಗಳನ್ನು ಪಡೆದು ಇವತ್ತಿಗೂ ಅನುಭವಿಸುತ್ತಿದೆ. ಈ ನಮೂನೆಯಲ್ಲಿ ಬಾಡಿಗೆದಾರನ ಕರ್ತವ್ಯಗಳು ಹದಿನಾಲ್ಕು. ಗೋಡೆಗೆ ಮೊಳೆ ಹೊಡೆಯಬಾರದು, ಮಾಲಕರ ಅನುಮತಿಯಿಲ್ಲದೆ ಮನೆಯಲ್ಲಿ ಯಾವ ಮಾರ್ಪಾಡನ್ನೂ ಮಾಡಬಾರದು, ಮಾಲಕರು ಯಾವಾಗ ಬಂದು ನೋಡಿದರೂ ಮುಖ ಗಂಟಿಕ್ಕಬಾರದು. ಮಾಲಕನ ಕರ್ತವ್ಯ ಒಂದೇ: ಮನೆಯನ್ನು ವಾಸಯೋಗ್ಯವಾಗಿಯೂ ನಿರಪಾಯಕರವಾಗಿಯೂ ಇಡತಕ್ಕದ್ದು. ಕಾಯಿದೆ ಅದನ್ನು ಇನ್ನೂ ವಿಸ್ತಾರವಾಗಿ ಹೇಳುತ್ತದೆ: ಗೋಡೆ, ಮಾಳಿಗೆ, ಮೆಟ್ಟಿಲು, ವಿದ್ಯುತ್ ತಂತಿ, ನೀರು, ಚರಂಡಿ ಎಲ್ಲದರ ಯೋಗಕ್ಷೇಮವೂ ಮಾಲಕನದೇ. ಆದರೆ ನಮ್ಮ ನಮೂನೆ ವಿಸ್ತಾರಕ್ಕೆ ವಿರೋಧಿ. ಓದಿ ಕೇಳಿಸುವಾಗ ಬಾಡಿಗೆದಾರನ ಹದಿನಾಲ್ಕನ್ನು ನಾನು ತಾಳಬದ್ಧವಾಗಿ ಓದುತ್ತೇನೆ. ಮಾಲಕನ ಒಂದಕ್ಕೆ ಬಂದಾಗ, ಊಟದ ವಾಸನೆ ಬಡಿದ ಪುರೋಹಿತರ ಕೊನೆಯ ಮಂತ್ರದಂತೆ, ಅದು ನನ್ನ ಬಾಯಿಂದ ಸರ್ರನೆ ಜಾರಿಹೋಗುತ್ತದೆ.

ಹಾಗೆಂದು ನಮ್ಮ ಸೀಮೆಯ ಮಾಲಕರಿಗೆ ಸುರಕ್ಷತೆಯ ಚಿಂತೆಯೇ ಇಲ್ಲವೆಂದು ನೀವು ಭಾವಿಸಿದರೆ ಅದು ಘೋರ ಅಪಚಾರ. ಕಿತ್ತೂರಿನ ಒಬ್ಬ ಸಾಹುಕಾರರು ಮೇಲಂತಸ್ತಿನ ಮನೆಯನ್ನು ಬಾಡಿಗೆಗೆ ಕೊಡಲು ನನ್ನಲ್ಲಿಗೆ ಬಂದಿದ್ದರು. ಮೇಲೆ ಹೋಗಲು ಹೊರಗಿನಿಂದ ಹದಿನೆಂಟು ಮೆಟ್ಟಿಲು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಆಕಾಶ. ಹಿಡಿದುಕೊಳ್ಳಲು ಕಠಡಾ ಇಲ್ಲವೇ ಎಂದು ಬಾಡಿಗೆ ಹಿಡಿಯಲು ಬಂದ ಬ್ಯಾಂಕಿನ ಗುಮಾಸ್ತ ಮೆಲ್ಲಗೆ ಕೇಳಿದ.

“ಕುಡದವರಷ್ಟ ಬೀಳತಾರ್ರಿ,” ಎಂದರು ಸಾಹುಕಾರರು. “ನಾ ಕುಡುಕರಿಗೆ ಮನೀನ ಕೊಡೂದಿಲ್ಲ. ಮತ್ಯಾಕ ಬೇಕ್ರಿ ಕಠಡಾ?”

ಇಂಥ ನಿರ್ದುಷ್ಟ ತರ್ಕಕ್ಕೆ ತಲೆಬಾಗಿ, ‘ಬಾಡಿಗೆದಾರನು ಮದ್ಯಪಾನ ಮಾಡತಕ್ಕದ್ದಲ್ಲ’ ಎಂದು ಹದಿನೈದನೆಯ ಕಲಮು ಸೇರಿಸಿದೆ. ಕಲ್ಲು, ಕಬ್ಬಿಣ, ಸಿಮೆಂಟು ಯಾವುದೂ ಇಲ್ಲದೆ ಹದಿನೆಂಟು ಮೆಟ್ಟಿಲಿಗೆ ಕಠಡಾ ಎದ್ದು ನಿಂತಿತು. ಇನ್ನೊಬ್ಬರು ರಾಮದುರ್ಗದವರು. ಅವರ ಮನೆಯ ಬಚ್ಚಲಿನ ಸ್ವಿಚ್ಚು ಮುಟ್ಟಿದರೆ ಕೈ ಝುಮ್ಮೆನ್ನುತ್ತಿತ್ತು. ‘ಶಾಕ್ ಅಲ್ರಿ ಅದು, ಒಂದ ಸ್ವಲ್ಪ ಎಚ್ಚರ ಮಾಡತೈತಿ’ ಎಂದು ಅವರು ಅದನ್ನು ವರ್ಣಿಸಿದ್ದರು. ತಂತಿ ಬದಲಿಸುವ ಬದಲು ಅವರು ಬಾಡಿಗೆದಾರರಿಗೆ ಒಂದು ಜೊತೆ ರಬ್ಬರ್ ಚಪ್ಪಲಿ ಕೊಡುತ್ತಿದ್ದರು. ಮನೆಯೊಂದಿಗೆ ಒಪ್ಪಿಸಿದ ಸಾಮಾನುಗಳ ಯಾದಿಯಲ್ಲಿ ‘ಫ್ಯಾನು ಎರಡು, ನಲ್ಲಿ ಮೂರು, ಸ್ವಿಚ್ಚು ಒತ್ತುವ ಚಪ್ಪಲಿ ಒಂದು ಜೊತೆ’ ಎಂದು ಬರೆದವನು ಬೇರೆ ಯಾರೂ ಅಲ್ಲ. ಮನೆ ಬಿಡುವಾಗ ಅವನ್ನು ಮರಳಿಸಬೇಕೆಂದೂ ಬರೆದೆ.

ಇವರನ್ನೆಲ್ಲ ನೆನೆದು ನಾನು ಬಹಳ ನಗುತ್ತಿದ್ದೆ. ನಗಲು ನನಗೆ ಅಧಿಕಾರವಿತ್ತು. ಏಕೆಂದರೆ ನಾನೂ ಒಬ್ಬ ಮಾಲಕ, ಅದರಲ್ಲೂ ಆದರ್ಶ ಮಾಲಕ.

ಹೊಸ ಬಡಾವಣೆಯಲ್ಲಿ ಕಾಂಕ್ರೀಟಿನ ಮನೆ ಕಟ್ಟಿಸಿಕೊಂಡು ಹೋದ ಮೇಲೆ, ಪೇಟೆಯ ಹಿಂದಿನ ಓಣಿಯಲ್ಲಿರುವ ತಂದೆಯವರ ಕಾಲದ ಮನೆಯನ್ನು ನಾನು ಬಾಡಿಗೆಗೆ ಕೊಟ್ಟಿದ್ದೇನೆ. ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ. ಇಂಥ ಮನೆಯನ್ನು ಕಾಣದವರಿಗೆ ಹೇಳುತ್ತೇನೆ: ಗೋಡೆಯಿಂದ ಗೋಡೆಗೆ ಒಂದು ದಪ್ಪ ತೊಲೆ, ತೊಲೆಯ ಮೇಲೆ ಅಡ್ಡಡ್ಡ ಜಂತಿಗಳು, ಅವುಗಳ ಮೇಲೆ ಬಿದಿರೋ ಸೊಪ್ಪೋ ಹಾಸಿ, ಎಲ್ಲದರ ಮೇಲೆ ಮಣ್ಣು ಹರವಿ ಬಡಿದು ಧಮ್ಮಸು ಮಾಡಿರುತ್ತಾರೆ. ಬೇಸಿಗೆಯಲ್ಲಿ ಒಳಗೆ ಎಷ್ಟು ತಂಪೆಂದರೆ, ನನ್ನ ಕಾಂಕ್ರೀಟಿನ ಮನೆಯಲ್ಲಿ ಎರಡು ಫ್ಯಾನಿನ ಕೆಳಗೆ ಬೇಯುತ್ತ ನಾನು ನನ್ನ ಬಾಡಿಗೆದಾರರನ್ನು ಅಸೂಯೆಯಿಂದ ನೆನೆಸಿಕೊಂಡದ್ದುಂಟು. ಮಳೆಗೆ ಮೇಲಿನ ಮಣ್ಣು ಕೊಚ್ಚಿಹೋಗುವುದರಿಂದ ಪ್ರತಿವರ್ಷ ಮಿರಗದ, ಅಂದರೆ ಮೃಗಶಿರಾ ಮಳೆಗೆ ಮುನ್ನ ಹೊಸ ಮಣ್ಣು ಹಾಕಿಸಬೇಕು. ಹುಲ್ಲು ಹುಟ್ಟದಿರಲೆಂದು ಅದಕ್ಕೆ ಉಪ್ಪು ಬೆರೆಸುತ್ತಾರೆ. ‘ಮಾಳಿಗೀಗೆ ವರ್ಷಕ್ಕೊಮ್ಮಿ ಮಣ್ಣ ತಪ್ಪಬಾರದು’ ಎಂಬುದು ನಮ್ಮ ತಂದೆಯವರ ಕಟ್ಟಪ್ಪಣೆಯಾಗಿತ್ತು.

ತಂದೆ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಹತ್ತೊಂಬತ್ತು ವರ್ಷವೂ ನಾನು ಮಣ್ಣು ತಪ್ಪಿಸಿಲ್ಲ. ಮೇ ತಿಂಗಳ ಕೊನೆಯ ವಾರ ಒಂದು ಟ್ರ್ಯಾಕ್ಟರ್ ಟ್ರೇಲರಿನ ತುಂಬ ಒಳ್ಳೆಯ ಕರಲು ಮಣ್ಣು ಓಣಿಗೆ ಬಂದು ನಿಲ್ಲುತ್ತದೆ. ಆಳುಗಳು ಬುಟ್ಟಿ ಹೊತ್ತು ಏಣಿ ಹತ್ತುತ್ತಾರೆ. ನಾನು ಕೆಳಗೆ ಕೊಡೆ ಹಿಡಿದು ನಿಂತು ಧರ್ಮಪ್ರಭುವಿನಂತೆ ಮೇಲ್ವಿಚಾರಣೆ ಮಾಡುತ್ತೇನೆ. ಓಣಿಯ ಜನ ‘ಮಾಲಕ ಅಂದ್ರ ಹಿಂಗಿರಬೇಕ್ರಿ’ ಎನ್ನುತ್ತಾರೆ. ನಾನು ಕೇಳದವನಂತೆ ನಟಿಸುತ್ತೇನೆ, ಆದರೆ ಅವರು ಇನ್ನೊಮ್ಮೆ ಹೇಳಲೆಂದು ತುಸು ತಡೆದು ಹೊರಡುತ್ತೇನೆ.

ಆ ಮನೆಯಲ್ಲಿ ಗಂಗವ್ವನಿದ್ದಾಳೆ. ಗಂಡ ತೀರಿದ ಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಜೀವನ ಮಾಡುವವಳು. ಜೊತೆಗೆ ಅತ್ತೆ ನೀಲವ್ವ. ಕಣ್ಣು ಪೂರ್ತಿ ಮಂಜು, ಕಿವಿ ಮಾತ್ರ ಬಲು ಚುರುಕು. ಏಳು ವರ್ಷದಲ್ಲಿ, ಅಂದರೆ ನಮ್ಮೂರಿನ ಲೆಕ್ಕದ ಏಳು ಹನ್ನೊಂದು ತಿಂಗಳುಗಳಲ್ಲಿ, ಗಂಗವ್ವ ಒಮ್ಮೆಯೂ ನನಗೆ ಎದುರಾಡಿದವಳಲ್ಲ. ಬಹುಶಃ ಅದಕ್ಕೇ ಈ ವರ್ಷದ ಘಟನೆ ನನ್ನನ್ನು ಅಷ್ಟೊಂದು ಕೆರಳಿಸಿತು.

ಈ ಮೇ ತಿಂಗಳಲ್ಲಿ ಮಣ್ಣು ಹಾಕಿಸಿ ಮುಗಿದ ಮೇಲೆ ನೀರು ಕುಡಿಯಲೆಂದು ಒಳಗೆ ಹೋದೆ. ನಡುಮನೆಯ ನಟ್ಟನಡುವೆ, ನೆಲದಿಂದ ತೊಲೆಯವರೆಗೆ, ತೊಗಟೆಯನ್ನೂ ಸುಲಿಯದ ಜಾಲಿಯ ದಿಂಡೊಂದು ನಿಂತಿತ್ತು. ಕೆಳಗೆ ಒಂದು ಚಪ್ಪಡಿ ಕಲ್ಲು, ಮೇಲೆ ಸಂದಿಯಲ್ಲಿ ಬಡಿದ ಮರದ ಬೆಣೆ. ತೊಲೆಗೆ ಟೇಕು ಕೊಟ್ಟಿದ್ದಳು. ನನ್ನ ಮನೆಗೆ ಊರುಗೋಲು! ಅದೂ ನನ್ನನ್ನು ಕೇಳದೆ!

“ಏನಿದು ಗಂಗವ್ವಾ?” ಎಂದೆ.

“ಟೇಕ್ರಿ ಅಣ್ಣಾರ. ಮ್ಯಾಲಿಂದ ಮಣ್ಣ ಉದರಾಕ ಹತ್ತೈತಿ, ಹಿಟ್ಟಿನ ಬುಟ್ಟ್ಯಾಗ ಬೀಳತೈತಿ. ತೊಲಿ ನಡುವ ಬಾಗೇತಿ ನೋಡ್ರಿ.”

“ಹಳೀದು ಅಂದಮ್ಯಾಲ ಬಾಗತೈತಿ. ನಾನೂ ಬಾಗೇನಿ. ನನಗ ಯಾರರ ಟೇಕ ಕೊಟ್ಟಾರೇನು?”

“ನಿಮ್ಮ ಬುಡಕ ಕುಂತು ನಾವು ರೊಟ್ಟಿ ಬಡಿಯೂದಿಲ್ಲಲ್ರಿ,” ಎಂದಳು ಗಂಗವ್ವ, ಹಿಟ್ಟು ನಾದುತ್ತಲೇ.

ನನ್ನ ಹಾಸ್ಯಕ್ಕೆ ಪ್ರತಿಹಾಸ್ಯ ಬರುವುದು ನನಗೆ ಅಭ್ಯಾಸವಿಲ್ಲ. ಕಂಬವನ್ನು ತೆಗೆಯಲು ಹೇಳಿದೆ. ತೆಗೆಯುವುದಿಲ್ಲ ಎಂದಳು. ಮಣ್ಣು ಹಾಕಿಸಿದ ಸಂಭ್ರಮದಲ್ಲಿ ಹೊರಗೆ ಇನ್ನೂ ನಾಲ್ಕು ಜನ ನಿಂತಿದ್ದರು. ಅವರು ಇಣುಕಿದರು, ಕಂಬವನ್ನು ಕಂಡರು, ನನ್ನನ್ನು ಕಂಡರು. ಅವರಲ್ಲೊಬ್ಬರು ಮನೆಯ ನಡುವೆ ಒಂಟಿ ಕಂಬ ಮಾಲಕನಿಗೆ ಶ್ರೇಯಸ್ಕರವಲ್ಲವೆಂದು ಉಚಿತವಾಗಿ ತಿಳಿಸಿದರು. ನಿಜ ಹೇಳುತ್ತೇನೆ, ತೊಲೆ ಬಾಗಿದೆಯೇ ಎಂದು ನಾನು ತಲೆಯೆತ್ತಿಯೂ ನೋಡಲಿಲ್ಲ. ಬಾಗಿದ ತೊಲೆ ಒಳಗಿನವರಿಗೆ ಮಾತ್ರ ಕಾಣುತ್ತದೆ, ಟೇಕು ಬಂದವರಿಗೆಲ್ಲ ಕಾಣುತ್ತದೆ.

ಕತ್ತಿ ಇರುವವನು ಕತ್ತಿ ಬೀಸುತ್ತಾನೆ, ನನ್ನಲ್ಲಿದ್ದದ್ದು ಪ್ರಿಂಟರು. ಮರುದಿನವೇ ನೋಟೀಸು ಬರೆದೆ. ಸಿಟ್ಟಿನಲ್ಲಿ ನನಗೆ ಸಂಸ್ಕೃತ ಉಕ್ಕಿಬರುತ್ತದೆ. ‘ಸದರಿ ಅನಧಿಕೃತ ಕಂಬವು ಮಾಲಕರ ಪೂರ್ವಾನುಮತಿಯಿಲ್ಲದೆ ಸ್ವೇಚ್ಛೆಯಿಂದ ಪ್ರತಿಷ್ಠಾಪಿಸಲ್ಪಟ್ಟಿದ್ದು, ಮನೆಯ ಸೌಷ್ಠವಕ್ಕೆ ಚ್ಯುತಿಯನ್ನುಂಟುಮಾಡಿರುವುದಲ್ಲದೆ, ಸುಭದ್ರವಾದ ಮನೆಯು ಅಭದ್ರವಾಗಿದೆಯೆಂಬ ಅಪಪ್ರಚಾರಕ್ಕೆ ಆಸ್ಪದವಿತ್ತಿರುವುದರಿಂದ, ಈ ನೋಟೀಸು ತಲುಪಿದ ಹದಿನೈದು ದಿನಗಳೊಳಗಾಗಿ ಅದನ್ನು ನಿರ್ಮೂಲನಗೊಳಿಸತಕ್ಕದ್ದು, ತಪ್ಪಿದಲ್ಲಿ...’ ಎಂದು ಒಂದೇ ಉಸಿರಿಗೆ ಎರಡು ಪುಟ ಓಡಿತು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಒಳ್ಳೆಯ ನೋಟೀಸು ನಾನು ಬರೆದಿರಲಿಲ್ಲ. ಹೆಂಡತಿಗೆ ಓದಿ ಹೇಳಿದೆ.

“ಇದನ್ನ ಆ ಕಂಬದ ಮುಂದ ನಿಂತ ಓದ್ರಿ. ತಾನ ಬೀಳತೈತಿ,” ಎಂದಳು.

ಮೆಚ್ಚುಗೆಯೆಂದು ತಿಳಿದು ಕಳುಹಿಸಿಬಿಟ್ಟೆ.

ಹದಿಮೂರು ದಿನ ಏನೂ ಆಗಲಿಲ್ಲ. ಹದಿನಾಲ್ಕನೆಯ ದಿನ ಮುಂಜಾನೆ ಹನ್ನೊಂದರ ಸುಮಾರಿಗೆ ಗಂಗವ್ವ ಸೆರಗಿನ ತುದಿಯಲ್ಲಿ ಮಡಿಚಿಟ್ಟ ನೋಟೀಸಿನೊಂದಿಗೆ ನನ್ನ ಶೆಡ್ಡಿಗೆ ಬಂದು, ಕಕ್ಷಿಗಾರರು ಕೂರುವ ಬೆಂಚಿನ ಮೇಲೆ ಕುಳಿತಳು. ಕ್ಷಮೆ ಕೇಳಲು ಬಂದಿದ್ದಾಳೆಂದುಕೊಂಡು ಮುಖವನ್ನು ತಕ್ಕಷ್ಟು ಗಂಭೀರ ಮಾಡಿಕೊಂಡೆ.

“ಇದಕ್ಕ ಒಂದ ಉತ್ತರ ಬರದು ಕೊಡ್ರಿ,” ಎಂದಳು.

“ನಾನ?”

“ಇಬ್ಬರು ರೈಟರ್ರ ಕಡೆ ಹೋಗಿದ್ದೆ. ಏನ ಬರದಾರ ತಿಳಿಯೂದಿಲ್ಲ ಅಂದರು. ಬರದವರಿಗರೆ ತಿಳಿದಿರತೈತೆಲ್ಲ ಅಂತ ಇಲ್ಲಿಗೆ ಬಂದೇನಿ.”

ಪಕ್ಕದ ಶೆಡ್ಡಿನ ಸಹೋದ್ಯೋಗಿಗಳು ಕೆಮ್ಮಿದರು. ಇದೆಂಥ ಪೇಚು ನೋಡಿ. ವಾದಿಯೂ ನಾನೇ, ಪ್ರತಿವಾದಿಯ ಬರಹಗಾರನೂ ನಾನೇ. ಒಲ್ಲೆ ಎನ್ನಬಹುದಿತ್ತು. ಆದರೆ ಬಂದವರಿಗೆ ಬರೆಯುವುದಿಲ್ಲ ಎಂದು ನಮ್ಮ ತಂದೆಯೂ ಎಂದವರಲ್ಲ, ನಾನೂ ಎಂದವನಲ್ಲ. ಅಲ್ಲದೆ ಅವಳ ಉತ್ತರವನ್ನು ನಾನೇ ಬರೆದರೆ ಅದನ್ನು ತಕ್ಕಷ್ಟು ದುರ್ಬಲವಾಗಿ ಬರೆಯಬಹುದೆಂಬ ದುರಾಲೋಚನೆಯೂ ಇತ್ತು. ಲ್ಯಾಪ್‌ಟಾಪು ತೆರೆದೆ. ‘ನಾನು, ಗಂಗವ್ವ’ ಎಂದು ಹೊಡೆದೆ.

ಅವಳು ಹೇಳತೊಡಗಿದಳು. ನಾನು ಎಂದಿನಂತೆ ಅವಳ ಮಾತನ್ನು ಗ್ರಂಥಸ್ಥ ಮಾಡುತ್ತ ಹೋದೆ. ‘ಮನೆಯು ಕಾಲಕ್ರಮದಲ್ಲಿ ಶಿಥಿಲಾವಸ್ಥೆಯನ್ನು ಹೊಂದಿರುವುದರಿಂದ’ ಎಂದು ಓದಿದಾಗ ಅವಳು ತಡೆದಳು.

“ಹಂಗಂದ್ರ?”

“ಹಳೇದಾಗೇತಿ ಅಂತ.”

“ನಾ ಹಳೇದಾಗೇತಿ ಅಂದಿಲ್ರಿ. ಮ್ಯಾಲ ಮಣ್ಣ ಭಾಳ ಆಗೇತಿ ಅಂದೇನಿ. ನಾ ಅಂದಾಂಗ ಬರೀರಿ.”

ಅಳಿಸಿದೆ. ಅವಳು ಅಂದ ಹಾಗೆ ಬರೆದೆ.

“ಏಳ ವರ್ಷದಾಗ ಮಾಲಕರು ಏಳ ಸರ್ತಿ ಮಣ್ಣ ಹಾಕಿಸ್ಯಾರು. ಒಮ್ಮೆರ ತಗದದ್ದು ನಾ ಕಂಡಿಲ್ಲ. ಹಾಕೂದ ಹಾಕೂದ. ತೊಲಿ ಎಷ್ಟ ಹೊರಬೇಕ್ರಿ?”

ನನ್ನ ಬೆರಳು ನಿಂತವು. ಸಣ್ಣವನಿದ್ದಾಗ ಕಂಡದ್ದೊಂದು ಸ್ಪಷ್ಟವಾಗಿ ನೆನಪಾಯಿತು. ತಂದೆಯವರು ಹೊಸ ಮಣ್ಣು ತರಿಸುವ ಹಿಂದಿನ ದಿನ ಆಳುಗಳು ಮಾಳಿಗೆ ಹತ್ತಿ, ಸಲಿಕೆಯಿಂದ ಹಳೆಯ ಮಣ್ಣನ್ನು ಕೆತ್ತಿ ಕೆತ್ತಿ ಹಿತ್ತಿಲಿಗೆ ಸುರಿಯುತ್ತಿದ್ದರು. ಬೆಳಕಿಂಡಿಯಿಂದ ಧೂಳು ಒಳಗೆ ಇಳಿಯುತ್ತಿತ್ತು, ಅವ್ವ ಬಯ್ಯುತ್ತ ಅಡುಗೆಯ ಪಾತ್ರೆಗಳಿಗೆಲ್ಲ ಅರಿವೆ ಮುಚ್ಚುತ್ತಿದ್ದಳು. ಅಷ್ಟು ಮಣ್ಣು ಇಳಿದ ಮೇಲೆಯೇ ಮರುದಿನ ಹೊಸದು ಏರುತ್ತಿತ್ತು. ಕೆತ್ತುವ ಕೆಲಸ ಹಿತ್ತಿಲ ಕಡೆಗೆ, ಹಾಕುವ ಕೆಲಸ ಬೀದಿಯ ಕಡೆಗೆ. ಹಿರಿಯರ ಪದ್ಧತಿಯಲ್ಲಿ ಬೀದಿಗೆ ಕಾಣುವ ಅರ್ಧವನ್ನಷ್ಟೇ ನಾನು ಭಕ್ತಿಯಿಂದ ಮುಂದುವರಿಸಿಕೊಂಡು ಬಂದಿದ್ದೆ. ಹತ್ತೊಂಬತ್ತು ಟ್ರೇಲರು. ಅಪ್ಪನ ಆಣತಿಯನ್ನು ಮೀರದ ಸತ್ಪುತ್ರನ ಹತ್ತೊಂಬತ್ತು ಟ್ರೇಲರು ಮಣ್ಣು ಈ ಹೆಣ್ಣುಮಗಳ ನೆತ್ತಿಯ ಮೇಲೆ ಕುಳಿತಿತ್ತು, ಮತ್ತು ನಾನು ಅದನ್ನು ಸುರಕ್ಷತೆ ಎಂದು ಕರೆಯುತ್ತಿದ್ದೆ.

“ಬರೀರಿ,” ಎಂದಳು ಗಂಗವ್ವ. “ಕಂಬ ತಗಿಯೂದಿಲ್ಲ. ಯಾಕಂದ್ರ ನಮ್ಮತ್ತಿ ಅದರ ಬಾಜೂಕ ಮಲಗತಾಳ. ಕಣ್ಣ ಕಾಣಸೂದಿಲ್ಲ, ಅದಕ್ಕ ರಾತ್ರೆಲ್ಲಾ ಕಂಬಕ್ಕ ಒಂದ ಕೈ ಹಚ್ಚಿರತಾಳ. ಅದು ಅದುರಿದ್ರ ನಿನ್ನ ಎಬ್ಬಸತೇನಿ, ನೀ ಹೊರಗ ಓಡು ಅಂತ ಹೇಳ್ಯಾಳ.”

ಅದನ್ನೂ ಬರೆದೆ. ಬರೆದು ಮುಗಿಸಿ, ಪದ್ಧತಿಯಂತೆ ಓದಿ ಕೇಳಿಸಬೇಕಾಯಿತು. ‘ನಾನು’ ಎಂದು ಆರಂಭಿಸಿ ದಿನಕ್ಕೆ ಹತ್ತು ಜನರಾಗಿ ಓದುವ ಗಂಟಲು ನನ್ನದು. ಯಾರದೋ ಸಾಲ, ಯಾರದೋ ವಿಚ್ಛೇದನದ ಸೋಡಚೀಟಿ, ಯಾವುದಕ್ಕೂ ಅದು ತಡವರಿಸಿದ್ದಿಲ್ಲ. ‘ನಮ್ಮ ಅತ್ತೆಯವರು ಕಂಬಕ್ಕೆ ಒಂದು ಕೈ ಹಚ್ಚಿ ಮಲಗುತ್ತಾರೆ’ ಎಂಬ ಸಾಲನ್ನು ಎರಡು ಸಲ ತಪ್ಪಾಗಿ ಓದಿದೆ. ನೀರು ಕುಡಿದು ಮತ್ತೆ ಓದಿದೆ. ಗಂಗವ್ವ ಹೌದೆಂದು ತಲೆಯಾಡಿಸಿ, ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

“ಇದನ್ನ ಯಾರಿಗೆ ಕೊಡಬೇಕ್ರಿ?” ಎಂದು ಕೇಳಿದಳು.

“ನನಗ.”

ಕಾಗದವನ್ನು ಮೇಜಿನ ಆ ಕಡೆಯಿಂದ ಈ ಕಡೆಗೆ ಸರಿಸಿದಳು. ನಾನು ‘ತಲುಪಿತು’ ಎಂದು ಬರೆದುಕೊಟ್ಟೆ. ಆ ದಿನ ಶೆಡ್ಡಿನಲ್ಲಿ ನಾನು ನಾನಾಗಿ ಬರೆದ ಪದ ಅದೊಂದೇ.

ಶೆಡ್ಡು ಮುಚ್ಚಿ ಅವಳ ಹಿಂದೆಯೇ ಹೋದೆ. ಈ ಸಲ ತಲೆಯೆತ್ತಿ ನೋಡಿದೆ. ತೊಲೆ ಮಾತ್ರವಲ್ಲ, ಜಂತಿಗಳೂ ತುಂಬಿದ ಜೋಳಿಗೆಯ ಹಾಗೆ ಇಳಿಬಿದ್ದಿದ್ದವು. ನೀಲವ್ವ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕೂಡಲೇ ಮನೆ ಬಿಡಬೇಕು, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇರಬೇಕು ಎಂದು ನಾನೆಂದಾಗ ಆ ಮುದುಕಿಗೆ ಎಲ್ಲಿಲ್ಲದ ಸಂಶಯ ಬಂತು.

“ಮನಿ ಬಿಡಸಾಕ ಹೊಸಾ ಯುಗತಿ ಹೂಡ್ಯಾನೇನ ನಿಮ್ಮ ಮಾಲಕ?” ಎಂದು ಸೊಸೆಯನ್ನು ಕೇಳಿದಳು.

ತಪ್ಪೇನು? ನನ್ನ ಹಾಗೆ ಹದಿನಾಲ್ಕು ಕಲಮು ಗಟ್ಟಿಯಾಗಿ, ಒಂದನ್ನು ನುಂಗಿ ಓದುವವನ ಮಾತನ್ನು ಯಾರು ನಂಬಬೇಕು? ಹೊಸ ಮಾಳಿಗೆ ಹಾಕಿಸಿ ಮರಳಿ ಇದೇ ಮನೆಗೆ ಕರೆತರುತ್ತೇನೆಂದು ಬರೆದುಕೊಡಬೇಕಾಯಿತು. ಎಷ್ಟು ತಿಂಗಳಿಗೆ ಎಂದು ನಾನು ಬರೆಯಲಿಲ್ಲ, ಅವರೂ ಕೇಳಲಿಲ್ಲ. ಮರುದಿನ, ಅಂದರೆ ಹದಿನೈದನೆಯ ದಿನ, ರೊಟ್ಟಿ ಸುಡುವ ಹಂಚು, ನಾದುವ ಕೊಣಮಿಗೆ, ಹಿಟ್ಟಿನ ಡಬ್ಬಿ, ಹಾಸಿಗೆ ಎಲ್ಲ ನಮ್ಮ ಮನೆಗೆ ಬಂದವು. ನನ್ನ ಹೆಂಡತಿ ಕೋಣೆ ತೆರವು ಮಾಡಿಕೊಟ್ಟಳು.

ಹದಿನಾರನೆಯ ದಿನ ಬೆಳಿಗ್ಗೆ ಮನೆ ಕಟ್ಟುವ ಗೌಂಡಿ ಈರಪ್ಪ ಸಿಕ್ಕ. ಈ ವರ್ಷ ಮಿರಗ ತಡವಾಗಿತ್ತು. ಮಳೆಗೆ ಮುಂಚೆ ಗೌಂಡಿ ಸಿಗುವುದೆಂದರೆ ದೇವರು ಪ್ರತ್ಯಕ್ಷನಾದಂತೆ. ಗಂಗವ್ವನೂ ತನ್ನ ಒಂದೆರಡು ಸಾಮಾನು ಉಳಿದಿವೆಯೆಂದು ಬಂದಿದ್ದಳು. ಈರಪ್ಪ ಗೋಡೆಗುಂಟ ಏಣಿ ಹಾಕಿ ಹತ್ತಿ, ಏಣಿಯ ಮೇಲೆ ನಿಂತೇ ಮಾಳಿಗೆಯ ಅಂಚಿಗೆ ಕಬ್ಬಿಣದ ಹಾರೆಯನ್ನು ಚುಚ್ಚಿದ. ಅದು ಇಳಿಯಿತು, ಇನ್ನೂ ಇಳಿಯಿತು, ಎರಡು ಮೊಳ ಇಳಿದ ಮೇಲೆ ನಿಂತಿತು. ಅವನು ಒಂದು ಹೆಜ್ಜೆಯನ್ನೂ ಮಾಳಿಗೆಯ ಮೇಲಿಡದೆ ಕೆಳಗಿಳಿದ. ಒಳಗೆ ಹೋಗಿ, ತೊಲೆ ಗೋಡೆಯನ್ನು ಸೇರುವಲ್ಲಿ ಹೆಬ್ಬೆರಳು ಒತ್ತಿದ. ಬೆರಳು ಬೆಣ್ಣೆಯಲ್ಲಿ ಹೋದಂತೆ ಒಳಗೆ ಹೋಯಿತು. ಗೆದ್ದಲಿನ ಪುಡಿ ಸುರಿಯಿತು.

“ತೊಲಿ ಅಲ್ರಿ ಇದು, ತೊಲಿ ಸಿಪ್ಪಿ. ಮಣ್ಣ ಇಳಸಾಕ ಮ್ಯಾಲ ಆಳ ಹತ್ತಸಿದ್ರ ಆಳ ಸಮೇತ ಕೆಳಗ ಬರತೈತಿ. ಕೆಡವೂದ ಚಲೋ.”

“ಮತ್ತ ಇಷ್ಟ ದಿನ ಹೆಂಗ ನಿಂತಿತ್ತು?” ಎಂದೆ.

ಈರಪ್ಪ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿ, ಜಾಲಿಯ ದಿಂಡನ್ನು ಅಂಗೈಯಿಂದ ಎರಡು ಸಲ ತಟ್ಟಿದ.

ಕಂಬದ ಬುಡಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಬಾಗಿಲಿನಿಂದಾಚೆ ಓಣಿಯಲ್ಲಿದ್ದ ಟ್ರ್ಯಾಕ್ಟರಿಗೆ ಬಿಗಿದರು. ಪ್ರತಿವರ್ಷ ನನ್ನ ಮಣ್ಣು ಹೊತ್ತು ತರುವ ಟ್ರ್ಯಾಕ್ಟರೇ ಅದು. ಓಣಿಯವರನ್ನೆಲ್ಲ ದೂರ ಸರಿಸಿದರು. ಈರಪ್ಪ ಕೈ ಬೀಸಿದ, ಹಗ್ಗ ಬಿಗಿಯಾಯಿತು, ಕಂಬ ಒಂದು ಸಲ ಅದುರಿ ಜಾರಿತು. ಇಡೀ ಮಾಳಿಗೆ ಒಮ್ಮೆಲೇ ಕುಸಿಯಿತು. ಮುರಿಯುವ ಸದ್ದಾಗಲಿ ಎಚ್ಚರಿಕೆಯ ಸದ್ದಾಗಲಿ ಬರಲಿಲ್ಲ; ಧಡ್ಡೆಂದು ಒಂದೇ ಸಲ, ಆಮೇಲೆ ಬಾಗಿಲಿನಿಂದ ದಟ್ಟವಾಗಿ ಧೂಳು ಹೊರಗೆ ನುಗ್ಗಿತು. ನೀಲವ್ವ ಕಂಬಕ್ಕೆ ಕೈ ಹಚ್ಚಿ ಮಲಗಿದ್ದರೂ ಸೊಸೆಯ ಹೆಸರಿನ ಮೊದಲ ಅಕ್ಷರವನ್ನು ಹೇಳುವಷ್ಟು ಸಮಯ ಅವಳಿಗೆ ಸಿಗುತ್ತಿರಲಿಲ್ಲ.

ಧೂಳು ಇಳಿದ ಮೇಲೆ ಬಾಗಿಲಲ್ಲಿ ನಿಂತು ನೋಡಿದೆವು. ನೀಲವ್ವನ ಹಾಸಿಗೆ ಇರುತ್ತಿದ್ದ ಜಾಗದಲ್ಲಿ ನನ್ನ ಎದೆಮಟ್ಟಕ್ಕೆ ಮಣ್ಣು. ಈ ವರ್ಷದ ಹೊಸ ಮಣ್ಣು, ಉಪ್ಪಿನ ಹರಳು ಇನ್ನೂ ಕರಗದ್ದು, ಎಲ್ಲದರ ಮೇಲೆ ತೆಳ್ಳಗೆ ಹರಡಿತ್ತು.

ಗಂಗವ್ವ ನನ್ನ ಪಕ್ಕದಲ್ಲಿದ್ದಳು. ಬೆರಳು ಮಡಿಚಿ ಏನೋ ಎಣಿಸಿದಳು.

“ನಿಮ್ಮ ನೋಟೀಸಿನ ಹದಿನೈದ ದಿನ ನಿನ್ನೆ ಮುಗದಾವ್ರಿ ಅಣ್ಣಾರ,” ಎಂದಳು.

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನೂ ಒಂದು ಚಲೋ ಮಾತು ಹೇಳಿ ಜಾರಿಕೊಳ್ಳುತ್ತಿದ್ದೆ. ಇಪ್ಪತ್ತಾರು ವರ್ಷ ಅದನ್ನೇ ಮಾಡಿದ್ದೇನೆ. ಅವಳು ಬರೇ ದಿನ ಎಣಿಸಿದ್ದಳು. ಆಸರೆಗೆಂದು ಬಾಗಿಲ ಚೌಕಟ್ಟನ್ನು ಹಿಡಿಯಹೋದೆ. ಗಂಗವ್ವ ನನ್ನ ತೋಳು ಹಿಡಿದು ಈಚೆಗೆ ಎಳೆದಳು.

“ಅದನ್ನ ಹಿಡೀಬ್ಯಾಡ್ರಿ,” ಎಂದಳು. “ಅದೂ ನಿಮ್ಮ ಮನೀದ ಐತಿ.”